ಉಗುರಿಗೆ ಸಿಗದ ಗೀರು

ನನ್ನ ಹತ್ತಿರ ಕಾರಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕಾರು ತೊಳೆಯುವ, ಉಜ್ಜುವ, ಹೊಳೆಯಿಸುವ ಸಾಮಾನನ್ನು ಕಾಟ್ಟಿಕುಳಂನಲ್ಲಿ ನನ್ನಷ್ಟು ಕೊಂಡವನು ಇನ್ನೊಬ್ಬನಿಲ್ಲ. ಎರಡು ಬಗೆಯ ಶಾಂಪೂ, ಆರು ಮೈಕ್ರೋಫೈಬರ್ ಬಟ್ಟೆ, ಪಾಲಿಶ್, ವ್ಯಾಕ್ಸ್, ಟಯರಿಗೆ ಹಚ್ಚುವ ಕಪ್ಪು ದ್ರವ, ಎಲ್ಲವೂ ನನ್ನ ಬಾಡಿಗೆ ಮನೆಯ ಕಿಟಕಿಯಲ್ಲಿ ಸಾಲಾಗಿ ಕೂತಿವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಅದಾದರೂ ಪರವಾಗಿಲ್ಲ, ಕೂಸು ಮುಂದೆ ಎಂದಾದರೂ ಹುಟ್ಟೀತು. ನನ್ನ ಕಾರು ಕೈಬಿಟ್ಟು ಹೋಗಿ ಎರಡು ವರ್ಷವಾಗಿತ್ತು.

ಹೆಸರು ಬಸವಯ್ಯ, ವಯಸ್ಸು ಅರವತ್ತಮೂರು. ನಮ್ಮಪ್ಪ ಸರಗೂರಿನ ಕಡೆಯಿಂದ ಬಾವಲಿಯ ಗಡಿ ದಾಟಿ ಬಂದು ಇಲ್ಲಿ, ಮಲಯಾಳದ ನಾಡಿನಲ್ಲಿ, ನೆಲೆಯೂರಿದವರು. ನಾನು ಮೂವತ್ತು ವರ್ಷ ಮನೆಮನೆ ಸುತ್ತಿ ಕಾಳುಮೆಣಸು ಕೊಂಡು ಮಾನಂದವಾಡಿಯ ಮಂಡಿಗೆ ಹಾಕಿದವನು. ಮಕ್ಕಳಾಗಲಿಲ್ಲ. ನಾನು, ನನ್ನ ಹೆಂಡತಿ, ಒಂದು ಕಡುನೀಲಿ ಮಾರುತಿ ಎಂಟುನೂರು, ಇಷ್ಟೇ ನಮ್ಮ ಸಂಸಾರ. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಅದಾಗಿ ಎರಡು ವರ್ಷಕ್ಕೆ ನಾನು ಬಸ್ ಸ್ಟ್ಯಾಂಡಿನಲ್ಲಿ ಫಿಟ್ಸ್ ಬಂದು ಬಿದ್ದೆ. ಇನ್ನು ಸ್ಟೇರಿಂಗ್ ಮುಟ್ಟಬಾರದು ಎಂದರು ಡಾಕ್ಟರು. ಆ ಸಿಟ್ಟಿಗೆ ಮಾರನೆಯ ವಾರವೇ ಕಾರನ್ನು ಬ್ರೋಕರ್ ರಾಜನ್ ಕೈಗೆ ಒಪ್ಪಿಸಿದೆ. ಅವನು ಯಾರಿಗೆ ಮಾರಿದ ಎಂದು ಕೂಡ ಕೇಳಲಿಲ್ಲ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ, ಬುದ್ಧಿ ಮಾತ್ರ ನಾಲ್ಕು ದಿನ ತಡವಾಗಿ ಬರುತ್ತದೆ.

ಇಲ್ಲಿ ಮಾತಿಗೇನೂ ಬರವಿಲ್ಲ. ಚಾಯದಂಗಡಿಯಲ್ಲಿ, ಬಸ್ಸಿನಲ್ಲಿ, ರೇಷನ್ ಸಾಲಿನಲ್ಲಿ ದಿನವಿಡೀ ಮಲಯಾಳ ಆಡುತ್ತೇನೆ. ಶಾಲೆಯಲ್ಲಿ ಕಲಿತದ್ದೂ ಅದನ್ನೇ. ಆದರೆ ನಾನು ಹುಟ್ಟಾ ಗೊಣಗುವ ಮನುಷ್ಯ, ಗೊಣಗುವುದಕ್ಕೆ ನನಗೆ ಕನ್ನಡವೇ ಆಗಬೇಕು. ಸಾರಿಗೆ ಉಪ್ಪು ಹೆಚ್ಚಾಯಿತು, ಬಸ್ಸು ತಡವಾಯಿತು, ಮಂಡಿಯವನು ತೂಕದಲ್ಲಿ ಹೊಡೆದ ಎಂದು ನಾನು ಗೊಣಗಿದ್ದನ್ನೆಲ್ಲ ಕೇಳಿ ಕೊನೆಗೆ "ಆಯ್ತು, ಉಣ್ಣಾಕೇಳಿ" ಎನ್ನುವವಳೊಬ್ಬಳಿದ್ದಳು. ಅವಳು ಹೋದ ಮೇಲೆ ನನ್ನ ಕನ್ನಡ ಬಾಯೊಳಗೇ ಉಳಿಯಿತು. ಒಂದೊಂದು ದಿನ ಗೋಡೆಗೆ ಬೈಯುತ್ತಿದ್ದೆ. ಗೋಡೆ ಉಣ್ಣಲು ಕರೆಯುವುದಿಲ್ಲ.

ಹೋದ ಕರ್ಕಾಟಕ ತಿಂಗಳ ಒಂದು ಬುಧವಾರ, ಮಳೆ ಜೋರಾಗಿ ಬಂತೆಂದು ಪೆಟ್ರೋಲ್ ಬಂಕಿನ ಎದುರಿನ ಒಂದು ಅಂಗಡಿಯ ಮಾಡಿನಡಿ ನಿಂತೆ. ಕಾರಿನ ಬಿಡಿಸಾಮಾನು, ಸೀಟ್ ಕವರು ಮಾರುವ ಅಂಗಡಿ. ಒಳಗೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಫೋನಿನಲ್ಲಿ ಹೇಳುತ್ತಿದ್ದಳು: "ರಾಗಿಹಿಟ್ಟು ಕಳ್ಸವ್ವ. ಇಲ್ಲಿ ಸಿಗೋದು ಮುದ್ದೆಗಾಗಲ್ಲ, ಕೈಗಂಟ್ತದೆ."

ನನಗೆ ಕಾಲು ಕಿತ್ತಿಡಲಾಗಲಿಲ್ಲ. ಫೋನಿಟ್ಟು ಅವಳು ನನ್ನತ್ತ ತಿರುಗಿ, "ಎಂದಾ ವೇಂಡದು, ಚೇಟ್ಟಾ?" ಎಂದಳು. ಏನು ಬೇಕೆಂದು ಮಲಯಾಳದಲ್ಲಿ ಕೇಳಿದ್ದು. ಮಳೆಗೆ ನಿಂತೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಕಣ್ಣೆದುರಿಗೆ ಕಂಡ ಬಾಟಲಿ ತೋರಿಸಿ, "ಕಾರಿಗಾಕೋ ಶಾಂಪೂ ಬೇಕಿತ್ತು ಕಣವ್ವ" ಎಂದುಬಿಟ್ಟೆ.

ಅವಳ ಮುಖ ಅರಳಿತು. "ಅಯ್ಯೋ, ನಮ್ಮ ಕಡೆಯೋರಾ? ಕೂತ್ಕಳಿ ದೊಡ್ಡಪ್ಪ. ಯಾವ ಕಾರು? ಬಣ್ಣ ಯಾವ್ದು?"

"ಮಾರುತಿ. ಕಡುನೀಲಿ" ಎಂದೆ. ಕಾರು ಇತ್ತು ಎನ್ನಬೇಕಾದವನು ಇದೆ ಎಂದೆ. ಸುಳ್ಳು ಶುರುವಾದದ್ದು ಅಷ್ಟರಿಂದಲೇ.

ಅವಳ ಹೆಸರು ವೀಣಾ. ಹುಟ್ಟಿದ್ದು ಸರಗೂರಿನ ಹತ್ತಿರ, ಮದುವೆಯಾದದ್ದು ಇಲ್ಲಿಯ ರತೀಶನನ್ನು. ಅವನು ಲಾರಿ ತೆಗೆದುಕೊಂಡು ಹೋದರೆ ವಾರಗಟ್ಟಲೆ ಬರುವುದಿಲ್ಲ, ಅಂಗಡಿ ಇವಳದೇ. ಮನೆಯಲ್ಲಿ ಅತ್ತೆಯ ಹತ್ತಿರ, ಮಗಳ ಹತ್ತಿರ ಎಲ್ಲ ಮಲಯಾಳವೇ. ಮರುವಾರದಿಂದ ಬುಧವಾರ ಹನ್ನೊಂದು ಗಂಟೆಗೆ ನಾನು ಅಂಗಡಿಗೆ ಹೋಗುವುದು ರೂಢಿಯಾಯಿತು. ಬರಿಗೈಯಲ್ಲಿ ಹೋಗಿ ಮಾತಾಡಿಸುವುದು ಹೇಗೆ? ಗಿರಾಕಿಗೆ ಸ್ಟೂಲು ಕೊಡುತ್ತಾರೆ, ಸುಮ್ಮನೆ ಬಂದವನಿಗೆ ಕೊಟ್ಟಾರೆಯೇ ಎಂಬುದು ನನ್ನ ಲೆಕ್ಕಾಚಾರ. ಹಾಗಾಗಿ ವಾರಕ್ಕೊಂದು ಅನುಮಾನ ಹೊತ್ತುಕೊಂಡು ಹೋಗುತ್ತಿದ್ದೆ. ಅರ್ಧ ಗಂಟೆ ಅವಳು ಕಾರಿನ ಬಗ್ಗೆ ಹೇಳುವಳು, ನಾನು ಬಸ್ಸಿನ ಬಗ್ಗೆ, ಮಳೆಯ ಬಗ್ಗೆ, ಇಡೀ ಪಂಚಾಯತಿನ ಬಗ್ಗೆ ಗೊಣಗುವೆನು. ಅವಳು ನಗುವಳು. ವಾರದ ಉಳಿದ ಆರು ದಿನವನ್ನು ನಾನು ತಳ್ಳುತ್ತಿದ್ದುದು ಆ ಅರ್ಧ ಗಂಟೆಯ ಮೇಲೆ.

ಅವಳಿಗೆ ತನ್ನ ಕಸುಬು ಚೆನ್ನಾಗಿ ಗೊತ್ತಿತ್ತು. "ಪಾತ್ರೆ ಸೋಪು ಮುಟ್ಟಿಸ್ಬ್ಯಾಡಿ ದೊಡ್ಡಪ್ಪ, ಇರೋ ಹೊಳಪೂ ಹೋಯ್ತದೆ. ಎರಡು ಬಕೆಟ್ ಇಟ್ಕಳಿ, ಒಂದ್ರಲ್ಲಿ ಶಾಂಪೂ, ಒಂದ್ರಲ್ಲಿ ಬರೀ ನೀರು. ಮೇಲಿಂದ ಕೆಳಕ್ಕೆ ಬರ್ಬೇಕು. ಪಿನ್ನೆ, ಬಿಸಿಲಲ್ಲಿ ಮಾಡ್ಬ್ಯಾಡಿ." ಆಮೇಲೆ ಎನ್ನುವ ಕಡೆ ಪಿನ್ನೆ ಎಂಬ ಮಲಯಾಳ ಅವಳ ಬಾಯಿಗೆ ತಾನಾಗಿ ಬರುತ್ತಿತ್ತು. ವ್ಯಾಕ್ಸ್ ಆರಿಸುವುದಕ್ಕೆ ಎರಡು ಬುಧವಾರ ಹಿಡಿಯಿತು. ನೀರಿನಂಥದ್ದೋ ಬೆಣ್ಣೆಯಂಥದ್ದೋ ಎಂದು ನಾನು ಬೇಕೆಂದೇ ಎಳೆದೆ. ನಮ್ಮ ಮಳೆಗೆ ಬೆಣ್ಣೆಯಂಥದ್ದೇ ಬಾಳಿಕೆ ಎಂದು ಅವಳೇ ತೀರ್ಮಾನಿಸಿದಳು.

ಪಾಲಿಶ್ ಡಬ್ಬಿ ಕೊಡುವಾಗ ಮಾತ್ರ ಕೈಯಲ್ಲೇ ಹಿಡಿದುಕೊಂಡು ಹೇಳಿದಳು: "ವ್ಯಾಕ್ಸ್ ಅಂದ್ರೆ ಹೊದಿಸೋದು. ಪಾಲಿಶ್ ಅಂದ್ರೆ ಸವೆಸೋದು. ಬಣ್ಣದ ಮೇಲಿನ ಒಂದು ಪದರ ಹೋದ್ರೆ ತಿರ್ಗಾ ಬರಲ್ಲ. ಗೀರಿದ್ರೆ ಅದ್ರ ಮೇಲೆ ಉಗುರು ಎಳ್ದು ನೋಡಿ. ಉಗುರು ಸಿಕ್ಕೊಂಡ್ರೆ ಆಳದ ಗೀರು, ಪಾಲಿಶ್‌ಗೆ ಹೋಗಲ್ಲ. ಉಗುರಿಗೆ ಸಿಗ್ದೆ ಜಾರಿದ್ರೆ ಹೋಯ್ತದೆ."

ಮನೆಗೆ ತಂದ ಸಾಮಾನು ಏನು ಮಾಡುವುದು? ಒಂದು ಭಾನುವಾರ ಕಬ್ಬಿಣದ ಬೀರುವಿಗೆ ಶಾಂಪೂ ಹಾಕಿ, ವ್ಯಾಕ್ಸ್ ಹಚ್ಚಿ ಒರೆಸಿದೆ. ಪಕ್ಕದ ಮನೆಯ ಸರಿತ ಬಾಗಿಲಲ್ಲಿ ನಿಂತು, ಹೊಸ ಬೀರುವಾ ಎಂದು ಕೇಳಿದಳು. ಹೌದು ಎಂದೆ. ಒಂದು ಸುಳ್ಳು ಹೇಳಿದವನಿಗೆ ಇನ್ನೊಂದು ಸಲೀಸು.

ಹೀಗೆ ನಾಲ್ಕು ತಿಂಗಳು ಕಳೆಯಿತು. ವೃಶ್ಚಿಕ ತಿಂಗಳ ಮೊದಲ ಬುಧವಾರ ವೀಣಾ ಹೇಳಿದಳು, "ದೊಡ್ಡಪ್ಪ, ಬರೋ ಬುಧವಾರ ಕಾರು ತನ್ನಿ. ನಾನು ಹೇಳಿದ್ನೆಲ್ಲ ಒಂದೂ ಬಿಡ್ದೆ ತಗೊಂಡೋದೋರು ನೀವೊಬ್ರೇ. ಕಾರಿನ ಪಕ್ಕ ನಿಮ್ಮನ್ನ ನಿಲ್ಸಿ ಒಂದು ಫೋಟೋ ತೆಗೀತೀನಿ, ಅಂಗಡೀಲಿ ಹಾಕಣ."

"ನೋಡುವ" ಎಂದೆ.

"ನೋಡುವ ಗೀಡುವ ಇಲ್ಲ. ತರ್ಲೇಬೇಕು."

ಮನೆಗೆ ಬಂದು ಕೂತೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಇನ್ನು ಅಂಗಡಿಗೆ ಹೋಗದೆ ಉಳಿದರೆ ಮಾನ ಉಳಿಯುತ್ತದೆ, ಬುಧವಾರ ಹೋಗುತ್ತದೆ. ನಿಜ ಹೇಳಿದರೆ ನಾಲ್ಕು ತಿಂಗಳು ಸುಳ್ಳು ಹೇಳಿದ ಮುದುಕನನ್ನು ಯಾವ ಹೆಂಗಸು ತಾನೆ ಅಂಗಡಿಯಲ್ಲಿ ಕೂರಿಸಿಕೊಂಡಾಳು? ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಎದ್ದು ರಾಜನ್‌ನನ್ನು ಹುಡುಕಿಕೊಂಡು ಹೋಗಿ, ನನ್ನ ಕಾರು ಎಲ್ಲಿದೆ ಎಂದು ಕೇಳಿದೆ.

ಕಾರು ವೆಳ್ಳಮುಂಡದಲ್ಲಿತ್ತು. ನಾರಾಯಣನ್ ಎಂಬ ಕೃಷಿಕನ ಮನೆಯಂಗಳದಲ್ಲಿ, ಹಲಸಿನ ಮರದಡಿ. ಕಾರಿನ ಮಾಡಿನ ಮೇಲೆಲ್ಲ ಹಲಸಿನ ಮೇಣ ಕಪ್ಪಗೆ ಗಟ್ಟಿಯಾಗಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಬುಟ್ಟಿ. ಬೈಗುಳ ನಾಲಗೆಯ ತುದಿಗೆ ಬಂತು, ಆದರೆ ಬೈಯಲು ಹಕ್ಕಿರಲಿಲ್ಲ. ಇದನ್ನು ಒಂದು ದಿನ ತೊಳೆದು ಹೊಳೆಯಿಸಿ ಕೊಡುತ್ತೇನೆ, ಬದಲಿಗೆ ನೀವು ಇದರಲ್ಲಿ ನನ್ನನ್ನು ಒಂದು ಸಲ ಕಾಟ್ಟಿಕುಳಂಗೆ ಬಿಟ್ಟು ಬನ್ನಿ ಎಂದೆ. ನಾರಾಯಣನ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮಾರಿದ ಹಸುವನ್ನು ನೋಡಲು ಬರುವವರುಂಟು, ಕಾರನ್ನು ನೋಡಲು ಬಂದವರನ್ನು ಇದೇ ಮೊದಲು ಕಂಡದ್ದು ಎಂದು ನಕ್ಕ. "ಅದಿನೆಂದಾ" ಎಂದ. ಅದಕ್ಕೇನಂತೆ, ತನಗೂ ಆ ಕಡೆ ಶುಂಠಿ ಬೀಜ ನೋಡುವ ಕೆಲಸವಿದೆ ಎಂದ.

ಬುಧವಾರ ಬೆಳಗ್ಗೆ ಮೊದಲ ಬಸ್ಸಿಗೇ ಚೀಲ ಹೊತ್ತು ಹೋದೆ. ಕಾರನ್ನು ಮರದಡಿಯಿಂದ ಮನೆಯ ನೆರಳಿಗೆ ಅವನೇ ತಂದು ನಿಲ್ಲಿಸಿದ. ಹಲಸಿನ ಮೇಣಕ್ಕೆ ಯಾವ ಬಾಟಲಿಯೂ ಬೇಡ, ಕೊಬ್ಬರಿ ಎಣ್ಣೆ ಸಾಕು. ಹಲಸಿನ ಹಣ್ಣು ಬಿಡಿಸಿದ ಕೈಗೆ ನನ್ನ ಹೆಂಡತಿ ಹಚ್ಚುತ್ತಿದ್ದುದೂ ಅದನ್ನೇ. ಎಣ್ಣೆಯಲ್ಲಿ ನೆನೆಸಿ, ಒರೆಸಿ, ಎರಡು ಬಕೆಟ್ ಇಟ್ಟುಕೊಂಡು ಮೇಲಿಂದ ಕೆಳಕ್ಕೆ ತೊಳೆದೆ. ಕೆಂಪು ಮಣ್ಣು ಹೋದಂತೆ ನೀಲಿ ಬಂತು. ಬಾನೆಟ್ಟಿಗೆ ಪಾಲಿಶ್ ಹಾಕಿ ವಟ್ಟ ವಟ್ಟ, ದುಂಡಗೆ ಕೈ ಸುತ್ತಿಸಿ, ಉಜ್ಜಿದೆ. ನಾಲ್ಕು ತಿಂಗಳು ಬಾಯಲ್ಲಿ ಕಲಿತದ್ದು ಕೈಗೆ ಬಂದಿತ್ತು. ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಎಷ್ಟೋ ದಿನಗಳ ಮೇಲೆ ಹಸಿವಾಯಿತು. ನಾರಾಯಣನ್‌ನ ಮನೆಯಾಕೆ ಕೊಟ್ಟ ಕಪ್ಪ ಮೀನು ಎರಡರಲ್ಲಿ, ಮೀನು ಮುಟ್ಟದ ನಾನು ಕಪ್ಪವನ್ನಷ್ಟೇ, ಮರಗೆಣಸನ್ನಷ್ಟೇ, ತಿಂದು ಮತ್ತೆ ಎದ್ದೆ.

ಹನ್ನೆರಡರ ಹೊತ್ತಿಗೆ ಎಡಗಡೆಯ ಮುಂದಿನ ಬಾಗಿಲಿಗೆ ಬಂದೆ. ಅದು ನನ್ನ ಹೆಂಡತಿ ಹತ್ತುತ್ತಿದ್ದ ಬಾಗಿಲು.

ಹಿಡಿಯ ಕೆಳಗೆ ಅಂಗೈಯಗಲ ಜಾಗ ಮಸುಕಾಗಿತ್ತು. ಹತ್ತಿರ ಹೋದರೆ ಪೊರಕೆಯಲ್ಲಿ ಗುಡಿಸಿದ ಹಾಗೆ ನೂರಾರು ಸಣ್ಣ ಗೀರು. ಆ ಬಾಗಿಲ ಹಿಡಿ ಬಿಗಿ. ಅವಳ ಬೆರಳಲ್ಲಿ ಕೆಂಪು ಕಲ್ಲಿನ ಉಂಗುರ. ಪ್ರತಿಸಲ ಹಿಡಿ ಎಳೆದಾಗ ಉಂಗುರ ಬಣ್ಣಕ್ಕೆ ತಾಗುತ್ತಿತ್ತು, ಪ್ರತಿಸಲವೂ ನಾನು ಬೈಯುತ್ತಿದ್ದೆ. "ಉಂಗ್ರ ತಿರುಗ್ಸಿ ಹಾಕ್ಕೋ ಅಂದ್ರೆ ಕೇಳಲ್ಲ ನೀನು" ಎಂದರೆ, "ಇರ್ಲಿ ಬುಡಿ. ನಾನು ಹತ್ತೋ ಬಾಕ್ಲು ಇದು ಅಂತ ಗೊತ್ತಾಗ್ಲಿ" ಎನ್ನುತ್ತಿದ್ದಳು. ಇಪ್ಪತ್ತು ವರ್ಷ ನಡೆದ ಜಗಳ ಅದು. ಒಂದು ಸಲ ಈ ಗೀರಿನ ದೆಸೆಯಿಂದ ತೋಲ್ಪೆಟ್ಟಿಯಿಂದ ಮನೆಯವರೆಗೆ ಮಾತಾಡದೆ ಬಂದಿದ್ದೇವೆ.

ನೋಡಿದ ಕೂಡಲೇ ನನಗೆ ಬಂದದ್ದು ದುಃಖವಲ್ಲ, ಅದೇ ಹಳೆಯ ಸಿಟ್ಟು. ಉಗುರು ಎಳೆದು ನೋಡಿದೆ. ಎಲ್ಲೂ ಸಿಗಲಿಲ್ಲ, ಜಾರಿತು. ಹೋಗುತ್ತದೆ! ಗೆದ್ದವನ ಹಾಗೆ ಬಟ್ಟೆಗೆ ಪಾಲಿಶ್ ತೆಗೆದುಕೊಂಡು ಉಜ್ಜಿದೆ. ಒಂದು ಸಲ, ಎರಡು ಸಲ, ಮೂರನೆಯ ಸಲಕ್ಕೆ ಒರೆಸಿ ನೋಡಿದರೆ ಒಂದೂ ಗೀರಿಲ್ಲ, ಹೊಸ ಬಾಗಿಲಿನ ಹಾಗಿತ್ತು.

"ನೋಡ್ದೇನೇ, ಹೋಯ್ತು" ಎಂದು ತಿರುಗಿದೆ.

ಹಿಂದೆ ನಾರಾಯಣನ್ ನಿಂತಿದ್ದ. ಕನ್ನಡ ತಿಳಿಯದೆ, "ಎಂದಾ, ಚೇಟ್ಟಾ?" ಎಂದ.

ಏನಿಲ್ಲ ಎಂದೆ. ಬಾಗಿಲ ಕಡೆ ತಿರುಗಿದರೆ ಆ ಜಾಗದಲ್ಲಿ ನನ್ನ ಮುಖ ಕಾಣುತ್ತಿತ್ತು, ಬೇರೇನೂ ಇರಲಿಲ್ಲ. ಅವಳ ಸೀರೆಗಳನ್ನು ನಾದಿನಿಯರು ಕೊಂಡುಹೋಗಿದ್ದರು. ಉಂಗುರ ಆಸ್ಪತ್ರೆಯ ಖರ್ಚಿಗೆ ಹೋಗಿತ್ತು. ಅವಳು ಈ ಭೂಮಿಯ ಮೇಲೆ ತನ್ನ ಕೈಯಾರೆ ಬರೆದಿಟ್ಟದ್ದು ಅದೊಂದೇ ಇತ್ತು, ಅದನ್ನು ನಾನು ಮೂರು ಸಲ ಉಜ್ಜಿ ಬಟ್ಟೆಗೆ ತೆಗೆದಿದ್ದೆ. ಬಟ್ಟೆಯ ಮೇಲೆ ನೀಲಿ ಕಲೆ. ಇಪ್ಪತ್ತು ವರ್ಷ ನಾನು ಜಗಳವಾಡಿದ್ದು ಉಗುರಿಗೆ ಸಿಗದ ಗೀರಿಗಾಗಿ. ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ನನಗೇನೋ ಆಯಿತೆಂದು ನಾರಾಯಣನ್ ಹೆದರಿ ನೀರು ತಂದ.

ಉಳಿದದ್ದಕ್ಕೆ ವ್ಯಾಕ್ಸ್ ಹಚ್ಚಿ ಮುಗಿಸಿದೆ. ಕೊಟ್ಟ ಮಾತು ಕೊಟ್ಟದ್ದೇ. ಮೂರು ಗಂಟೆಗೆ ಹೊರಟೆವು. ನಾರಾಯಣನ್ ಸ್ಟೇರಿಂಗ್ ಹಿಡಿದ, ನಾನು ಎಡಗಡೆಯ ಬಾಗಿಲು ತೆರೆದು ಕೂತೆ. ಆ ಕಾರಿನಲ್ಲಿ ಆ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲ ಸಲ. ಹಿಡಿ ನಿಜಕ್ಕೂ ಬಿಗಿ, ಉಂಗುರವಿಲ್ಲದ ನನ್ನ ಬೆರಳೇ ನೋಯಿತು. ಒಂದು ತೊಟ್ಟು ಎಣ್ಣೆ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಅದು ಇಪ್ಪತ್ತು ವರ್ಷದಲ್ಲಿ ನನಗೆ ಹೊಳೆಯಲಿಲ್ಲ. ಮಾನಂದವಾಡಿ ದಾಟುವವರೆಗೆ ನಾರಾಯಣನ್ ಶುಂಠಿಯ ದರದ ಬಗ್ಗೆ ಮಾತಾಡುತ್ತಿದ್ದ, ನಾನು ಹ್ಞೂಂ ಎನ್ನುತ್ತಿದ್ದೆ.

ಅಂಗಡಿಯ ಮುಂದೆ ನಿಲ್ಲಿಸಿ ಅವನು ಚಾಯ ಕುಡಿಯಲು ಹೋದ. ವೀಣಾ ಓಡಿಬಂದಳು. ಕಾರಿಗೊಂದು ಸುತ್ತು ಬಂದು, ಬಗ್ಗಿ ಬೆಳಕು ಬೀಳುವ ಕಡೆಯಿಂದ ಬಾಗಿಲುಗಳನ್ನು ಓರೆಯಾಗಿ ನೋಡಿದಳು. "ದೊಡ್ಡಪ್ಪ, ಒಂದು ಗೀರೂ ಇಲ್ವಲ್ಲ! ಶೋರೂಮಿಂದ ತಂದಂಗದೆ. ಇಲ್ಲಿ, ಈ ಬಾಗ್ಲು ಪಕ್ಕ ನಿಂತ್ಕಳಿ." ಎಡಗಡೆಯ ಬಾಗಿಲನ್ನೇ ತೋರಿಸಿ ಫೋನು ಎತ್ತಿದಳು.

ನಾನು ಬಯಸಿದ್ದೆಲ್ಲ ಕೈಗೂಡಿತ್ತು. ಸುಳ್ಳು ಗೆದ್ದಿತ್ತು, ಬುಧವಾರ ಉಳಿದಿತ್ತು. ಒಂದು ನಿಮಿಷ ಹಲ್ಲು ಕಿರಿದು ನಿಂತಿದ್ದರೆ ಸಾಕಿತ್ತು. ಆಗಲಿಲ್ಲ.

"ಇದು ನನ್ನ ಕಾರಲ್ಲ ಕಣವ್ವ" ಎಂದೆ. "ಎರಡು ವರ್ಷದ ಹಿಂದೆ ಮಾರ್ದೆ. ಈಗ ಚಾಯ ಕುಡಿಯಕ್ಕೆ ಹೋದ್ನಲ್ಲ, ಅವನ್ದು ಇದು. ನಿನ್ ಹತ್ರ ತಗೊಂಡಿದ್ದೆಲ್ಲ ಮನೇಲಿ ಬೀರುಗೆ ಹಚ್ಚಿದೀನಿ."

ಅವಳು ಫೋನು ಕೆಳಗಿಳಿಸಿದಳು. "ಹಂಗಾರೆ ಯಾಕೆ ತಗಂಡ್ರಿ?"

"ಮಾತಾಡಕ್ಕೆ."

ಅವಳು ಒಳಗೆ ಹೋದಳು. ಮುಗಿಯಿತು ಅಂದುಕೊಂಡೆ. ಹಾಗಲ್ಲ, ಸ್ಟೂಲು ತಂದು ಹೊರಗೆ ನನ್ನ ಹತ್ತಿರ ಇಟ್ಟಳು. ನಾನು ಕೂರದೆ ನಿಂತೇ ಹೇಳಿದೆ, ಉಂಗುರದ ಕಥೆ, ಬೈಗುಳದ ಕಥೆ, ಬೆಳಗ್ಗೆ ಉಜ್ಜಿದ್ದು, ಎಲ್ಲ. ಇಪ್ಪತ್ತು ವರ್ಷ ಬೈದೆ, ಕೊನೆಗೆ ನಾನೇ ಅಳಿಸಿದೆ ಎಂದೆ. ಹೇಳುತ್ತ ಹೇಳುತ್ತ ಅತ್ತೆ. ನಡುಬೀದಿ, ಎದುರಿಗೆ ಪೆಟ್ರೋಲ್ ಬಂಕು, ಜನ ನೋಡುತ್ತಿದ್ದರು. ನೋಡಲಿ ಎಂದುಕೊಂಡೆ.

"ಎಲ್ಲಿತ್ತು?" ಎಂದು ಕೇಳಿದಳು ವೀಣಾ. ಬೆರಳಿಟ್ಟು ತೋರಿಸಿದೆ. ಅವಳು ಆ ಜಾಗದ ಮೇಲೆ ಉಗುರು ಎಳೆದು ನೋಡಿದಳು, ಏನಾದರೂ ಉಳಿದಿದೆಯೇನೋ ಎಂಬ ಹಾಗೆ. ಆಮೇಲೆ ಮೆಲ್ಲಗೆ ಕೇಳಿದಳು, "ದೊಡ್ಡಮ್ಮನ ಹೆಸ್ರೇನು?"

ಗಂಡನ ಹೆಸರನ್ನು ಹೆಂಡತಿ ಹೇಳಬಾರದು ಎನ್ನುವುದು ಎಲ್ಲ ಕಡೆಯೂ ಇದ್ದದ್ದೇ. ನಮ್ಮ ಮನೆಯಲ್ಲಿ ಗಂಡನೂ ಹೆಂಡತಿಯ ಹೆಸರು ಹಿಡಿಯುತ್ತಿರಲಿಲ್ಲ. ನಮ್ಮಪ್ಪ ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ. ಇವಳೇ, ಏನೇ, ಕೇಳಿಸ್ತಾ, ಇಷ್ಟರಲ್ಲೇ ಇಪ್ಪತ್ತೆಂಟು ವರ್ಷ ಕಳೆದಿತ್ತು. ಆಸ್ಪತ್ರೆಯ ಚೀಟಿಗೂ, ಕೊನೆಗೆ ಪಂಚಾಯತಿಯ ಮರಣಪತ್ರಕ್ಕೂ ಹೆಸರು ಹೇಳಿದವನು ನನ್ನ ಭಾವಮೈದುನ. ನಾನು ಪಕ್ಕದಲ್ಲಿ ತಲೆಯಾಡಿಸಿದ್ದೆ.

"ಚಾಮುಂಡಮ್ಮ" ಎಂದೆ.

ವೀಣಾ ತಲೆಯಾಡಿಸಿದಳು. "ಬುಧವಾರ ಬನ್ನಿ ದೊಡ್ಡಪ್ಪ. ಏನೂ ತಗೋಬ್ಯಾಡಿ, ಮತಿ, ಸಾಕು ತಗಂಡಿದ್ದು" ಎಂದಳು. ಬರುತ್ತೇನೆ ಎಂದೆ. ಅಷ್ಟರಲ್ಲಿ ಗಿರಾಕಿ ಬಂದ, ಅವಳು ಒಳಗೆ ಹೋಗಿ ಅವನ ಹತ್ತಿರ ಮಲಯಾಳದಲ್ಲಿ ಮಾತಾಡತೊಡಗಿದಳು.

ನಾರಾಯಣನ್ ಬಾಯಿ ಒರೆಸಿಕೊಂಡು ಬಂದ, ಕೈ ಬೀಸಿ ಕಾರು ತಿರುಗಿಸಿದ. ಕಡುನೀಲಿ ಬಾಗಿಲು ಬಿಸಿಲಿಗೆ ಫಳಫಳ ಹೊಳೆಯುತ್ತ ಮಾನಂದವಾಡಿ ರಸ್ತೆಗೆ ಇಳಿಯಿತು. ಬಾಯಿಗೆ ಒಮ್ಮೆ ಬಂದ ಹೆಸರು ಇನ್ನೊಮ್ಮೆ ಬೇಕೆನಿಸಿತು. ಈ ಸಲ ಹೇಳುವ ಹಾಗಲ್ಲ, ಕರೆಯುವ ಹಾಗೆ ಗಟ್ಟಿಯಾಗಿ ಕರೆದೆ. ಬಂಕಿನ ಹುಡುಗರು ತಿರುಗಿ ನೋಡಿದರು. ಓಗೊಡಬೇಕಾದವಳು ತನ್ನ ಹೆಸರನ್ನು ನನ್ನ ಬಾಯಲ್ಲಿ ಒಂದು ಸಲವೂ ಕೇಳಿರಲಿಲ್ಲ.